ಪರದೆಯ ಬೆನ್ನಿಗೆ ನಮ್ಮ ಅಡುಗೆಮನೆ

ಹದಿನೈದು ದಿನ ನಾನು ನೆಟ್ಟಗೆ ಉಂಡಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರೂ ಕಿವಿ ಮಾತ್ರ ಕೊಟ್ಟೂರಿನ ನಮ್ಮ ಓಣಿಯಲ್ಲೇ ಇರುತ್ತಿತ್ತು. ಅಲ್ಲಿ, ನಮ್ಮ ಮನೆಗೆ ಅಂಟಿಕೊಂಡೇ ನಿಂತಿದ್ದ ಹಳೆಯ ಟಾಕೀಸನ್ನು ಕೆಡವುತ್ತಿದ್ದರು. ಕೆಡವಲಿ, ಬೇಡ ಅನ್ನಲು ನಾನ್ಯಾರು? ಆದರೆ ಆ ಟಾಕೀಸಿನ ಪರದೆಯ ಗೋಡೆ ಮತ್ತು ನಮ್ಮ ಅಡುಗೆಮನೆಯ ಪಡುವಣ ಗೋಡೆ ಎರಡೂ ಒಂದೇ. ಆ ಗೋಡೆ ಅವರದು ಎಂದು ನಾನು ನನ್ನ ಕೈಯಾರೆ ಬರೆದು ಸಹಿ ಮಾಡಿ ಕೊಟ್ಟಿದ್ದೆ. ನಮ್ಮವ್ವನಿಗೆ ಈ ಸಂಗತಿ ಗೊತ್ತಿರಲಿಲ್ಲ.

ಇದಾದದ್ದು ಹೀಗೆ. ಒಂದು ಸಂಜೆ ಸಣ್ಣ ಸಾಹುಕಾರ ಮನೆಗೆ ಬಂದ. ಟಾಕೀಸು ಕಟ್ಟಿಸಿದ ದೊಡ್ಡ ಸಾಹುಕಾರರ ಒಬ್ಬನೇ ಮಗ. ಓದಿದ್ದು, ಬೆಳೆದದ್ದು ದಾವಣಗೆರೆಯಲ್ಲಿ. ಅವ್ವ ಆಗ ಪಕ್ಕದ ಓಣಿಗೆ ಹೋಗಿದ್ದಳು. ಅವನು ಕುರ್ಚಿಯ ತುದಿಗೆ ಕೂತು ಬಹಳ ವಿನಯದಿಂದ ಮಾತಾಡಿದ.

"ಅಕ್ಕಾರ, ಕೊರೊನಾದಾಗ ಮುಚ್ಚಿದ ಟಾಕೀಸು ತಿರುಗಿ ತೆಗೀಲೇ ಇಲ್ಲ. ಕೆಡವಿ ಕಲ್ಯಾಣ ಮಂಟಪ ಮಾಡಬೇಕಂತೀವಿ. ಪಟ್ಟಣ ಪಂಚಾಯ್ತಿಗೆ ಬಾಜೂ ಮನಿಯವರದು ಒಂದು ಒಪ್ಪಿಗಿ ಪತ್ರ ಬೇಕಂತ. ನೀವು ಓದಿದೋರು, ನಿಮಗ ನಾನೇನ್ ಹೇಳೋದು."

ಓದಿದವರು ಅಂದರೆ ಸಾಕು, ನಾನು ಉಬ್ಬಿ ಬಿಡುತ್ತೇನೆ. ಹಾಳಾದ ಗುಣ ಅದು. ಕನ್ನಡಕ ಹಾಕಿಕೊಂಡು, ಬಿಳಿ ಹಾಳೆ ತೆಗೆದು, ನನ್ನ ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದೆ. ಅರ್ಧ ಬರೆದಾಗ ಅವನು ಕೇಳಿದ, "ನಡುವಿನ ಗೋಡೆ ಯಾರ್ದು ಅಂತ ಬರೀಬೇಕು?" ನಾನು ಒಂದು ಉಸಿರು ತೆಗೆದುಕೊಳ್ಳುವಷ್ಟೂ ಯೋಚಿಸಲಿಲ್ಲ. "ನಿಮ್ದ," ಅಂದೆ. ಹಾಗೇ ಬರೆದೆ.

ಈ ತಪ್ಪನ್ನು ನಮ್ಮ ಮನೆಯಲ್ಲಿ ಬೆಳೆದವರು ಮಾತ್ರ ಮಾಡಲು ಸಾಧ್ಯ. ಚಿಕ್ಕಂದಿನಲ್ಲಿ ಆ ಗೋಡೆಗೆ ಒಂದು ಮೊಳೆ ಹೊಡೆಯಲು ಹೋಗಿ ಅಜ್ಜಿಯ ಕೈಯಲ್ಲಿ ಬೆನ್ನಿಗೆ ಎರಡು ಬಿದ್ದಿದ್ದವು. ಇತ್ತ ಮೊಳೆ ಹೊಡೆದರೆ ಅತ್ತ ಪರದೆಯ ಸುಣ್ಣ ಬಿರಿಯುತ್ತದೆ, ನಾಯಕಿಯ ಮುಖದ ನಡುವೆ ಗೆರೆ ಬರುತ್ತದೆ. ಮೊದಲು ಅಲ್ಲಿ ಬಟ್ಟೆಯ ಪರದೆ ಇರಲಿಲ್ಲ; ಸುಣ್ಣ ಹೊಡೆದ ಗೋಡೆಯೇ ಪರದೆ. ಹಾಗಾಗಿ ಅಡುಗೆಮನೆಯ ಉಳಿದ ಮೂರು ಗೋಡೆಗಳಿಗೆ ದೇವರ ಪಟ, ಕ್ಯಾಲೆಂಡರ್, ಜರಡಿ, ಮೊರ ಎಲ್ಲ ನೇತಾಡುತ್ತಿದ್ದರೆ ಅದೊಂದು ಗೋಡೆ ಬೋಳಾಗಿ ಇರುತ್ತಿತ್ತು. ಒರಗಿ ಕೂತರೂ ಅಜ್ಜಿ ಗದರುತ್ತಿದ್ದಳು. ಅಷ್ಟು ಮರ್ಯಾದೆಯ ಗೋಡೆ ನಮ್ಮದು ಎಂದು ನನಗೆ ಹೇಗೆ ಹೊಳೆಯಬೇಕು?

ಟಾಕೀಸಿಗೆ ಒಂದು ಹೆಸರಿತ್ತು, ಬೋರ್ಡೂ ಇತ್ತು. ಆದರೆ ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಟಾಕೀಸು ಅಂದರೆ ಮುಗಿಯಿತು. ಮುಂದೆ ಬೆಂಚು, ಹಿಂದೆ ಕುರ್ಚಿ, ಒಂದು ಪಕ್ಕಕ್ಕೆ ಸೊಂಟದ ಎತ್ತರದ ಅಡ್ಡಗೋಡೆ ಕಟ್ಟಿ ಹೆಂಗಸರ ಜಾಗ. ಮೇಲೆ ಸಿಮೆಂಟ್ ಶೀಟು. ಸಿನೆಮಾದ ಡಬ್ಬಿ ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಓಡಿ ಮುಗಿದ ಮೇಲೆ ಬಸ್ಸಿನ ಟಾಪಿನ ಮೇಲೆ ಕೂತು ನಮ್ಮೂರಿಗೆ ಬರುತ್ತಿತ್ತು. ಬಸ್ಸು ತಡವಾದರೆ ಊರಿಗೂರೇ ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿ ಮಿರ್ಚಿ ಮಂಡಕ್ಕಿ ತಿನ್ನುತ್ತ ನಿಂತಿರುತ್ತಿತ್ತು.

ನಮ್ಮವ್ವ ಹೊಳಲಿನವಳು. ಮದುವೆಯಾಗಿ ಈ ಮನೆಗೆ ಬಂದ ಎರಡನೆಯ ದಿನ ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದಾಗ ಗೋಡೆಯೊಳಗಿಂದ ಒಬ್ಬ ಗಂಡಸು, ನಿನ್ನನ್ನು ಜೀವಸಹಿತ ಬಿಡುವುದಿಲ್ಲ ಎಂದು ಅಬ್ಬರಿಸಿದನಂತೆ. ಅವ್ವ ಸಾರಿನ ಗಡಿಗೆ ಕೈಬಿಟ್ಟು ಹೊರಗೆ ಓಡಿದಳು. ಅಜ್ಜಿ ಬಿದ್ದು ಬಿದ್ದು ನಕ್ಕು, "ಅವ ಮ್ಯಾಟ್ನಿಗೆ ದಿನಾ ಬರ್ತಾನವಾ, ಹೆದರಬ್ಯಾಡ," ಅಂದಳಂತೆ. ಅಲ್ಲಿಂದ ಮುಂದೆ ಅವ್ವ ಹಾಡಿನ ತಾಳಕ್ಕೆ ರೊಟ್ಟಿ ಬಡಿಯತೊಡಗಿದಳು. ನಿಧಾನದ ಹಾಡಿದ್ದರೆ ರೊಟ್ಟಿ ಅಗಲ, ಕುಣಿತದ ಹಾಡಿದ್ದರೆ ಸಣ್ಣವು. ಅಪ್ಪ ಊಟಕ್ಕೆ ಕೂತು ರೊಟ್ಟಿ ನೋಡಿಯೇ ಈ ವಾರ ಎಂಥ ಸಿನೆಮಾ ಬಂದಿದೆ ಎಂದು ಹೇಳುತ್ತಿದ್ದ.

ಟಾಕೀಸಿನ ಆಪರೇಟರ್ ನಮ್ಮ ಓಣಿಯವನೇ. ನಾವೆಲ್ಲ ಚಾಚಾ ಅನ್ನುತ್ತಿದ್ದೆವು; ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು, ಮಿಕ್ಸಿ ರಿಪೇರಿ ಮಾಡುತ್ತಾನೆ. ಒಮ್ಮೆ ಇಂಟರ್‌ವಲ್ಲಿನಲ್ಲಿ ಅವನು ಬೆವರೊರೆಸಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದು ಅವ್ವನಿಗೆ ಕೈ ಮುಗಿದಿದ್ದ. "ಅಕ್ಕಾ, ಸಾಯೋ ಸೀನಿನ್ಯಾಗ ಖಾರ ಕುಟ್ಟಬ್ಯಾಡ್ರಿ. ಮುಂದಿನ ಬೆಂಚಿನವರು ನಗಾಕ ಹತ್ತ್ಯಾರ." ಅವ್ವ ಅಂದಿನಿಂದ ಕತೆ ತಿಳಿದುಕೊಂಡು ಖಾರ ಕುಟ್ಟುತ್ತಿದ್ದಳು. ಮಳೆ ಬಂದರೆ ಮಾತ್ರ ಲೆಕ್ಕ ತಿರುವುಮುರುವು. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಒಳಗೆ ದುಡ್ಡು ಕೊಟ್ಟು ಕೂತವರಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆ. ನಮಗೆ ಎಲ್ಲ ಕೇಳಿಸುತ್ತಿತ್ತು. ಇಂಟರ್‌ವಲ್ಲಿನಲ್ಲಿ ಹೆಂಗಸರು ಸೆರಗು ತಲೆಯ ಮೇಲೆ ಹೊದ್ದು ಓಡಿಬಂದು, "ಆಕಿ ಗಂಡಗ ಏನಂದ್ಲು ಹೇಳಬೇ," ಎಂದು ಅವ್ವನನ್ನು ಕೇಳಿಕೊಂಡು ಹೋಗುತ್ತಿದ್ದರು.

ಅವ್ವ ಟಾಕೀಸಿನೊಳಗೆ ಕೂತು ಸಿನೆಮಾ ನೋಡಿದ್ದು ಒಮ್ಮೆ ಮಾತ್ರ. ಯಾವುದೋ ಒಂದು ಮೆತ್ತನೆಯ ದನಿಗೆ ಅವಳು ಒಂದು ವಾರ ಒಲೆಯ ಮುಂದೆ ಅತ್ತಿದ್ದಳು. ಅಷ್ಟು ಒಳ್ಳೆಯ ಮನುಷ್ಯನ ಮುಖ ನೋಡಬೇಕೆಂದು ಅಪ್ಪನ ಜೊತೆ ಹೊರಟಳು. ಒಳಗೆ ಹೋಗಿ ನೋಡಿದರೆ ಆ ದನಿ ಆಸ್ತಿಗಾಗಿ ತಮ್ಮನಿಗೆ ವಿಷ ಹಾಕುವವನದು. ಅವ್ವ ಇಂಟರ್‌ವಲ್ಲಿಗೇ ಎದ್ದು ಬಂದಳು. "ಸುಡ್ಲಿ, ನಮ್ಮ ಗೋಡಿ ಕಡಿಂದನ ಚಲೋ ಇತ್ತು," ಅಂದಳು. ಮತ್ತೆ ಹೋಗಲಿಲ್ಲ.

ಇಂಥ ಗೋಡೆಯನ್ನು ನಾನು ಬರೆದುಕೊಟ್ಟಿದ್ದೆ. ಬರೆದುಕೊಟ್ಟ ದಿನ ನನಗೆ ಏನೂ ಅನ್ನಿಸಲಿಲ್ಲ. ಭಯ ಶುರುವಾದದ್ದು ಮುಂದಿನ ವಾರ, ಮಾಳಿಗೆಗೆ ಮಣ್ಣು ಹಾಕಲು ಬಂದ ಮೇಸ್ತ್ರಿ ಅಡುಗೆಮನೆಯಲ್ಲಿ ತಲೆಯೆತ್ತಿ ನೋಡಿದಾಗ.

"ಟೀಚರ್, ಈ ತೊಲಿ ಎಲ್ಲಾ ಆ ಗೋಡಿ ಮ್ಯಾಲೆ ಕುಂತಾವ."

"ಅದಕ್ಕೇನು?"

"ಅದಕ್ಕೇನು ಅಂತೀರಲ್ರಿ! ಗೋಡಿ ತೆಗದ್ರ ಮಾಳಿಗಿ ನಿಮ್ಮ ತಲಿ ಮ್ಯಾಲೆ ಬರ್ತೈತಿ. ಕೆಡವೋ ಮಂದಿಗೆ ಮೊದ್ಲ ಹೇಳ್ರಿ, ಇದು ಬಿಟ್ಟು ಕೆಡವ್ರಿ ಅಂತ."

ಆ ಸಂಜೆಯೇ ಸಣ್ಣ ಸಾಹುಕಾರನಿಗೆ ಫೋನ್ ಮಾಡಿದೆ. ಅವನ ವಿನಯ ಹಾಗೇ ಇತ್ತು. "ಅಕ್ಕಾರ, ಪ್ಲಾನು ಪಾಸಾಗೇತಿ. ಗೋಡೆ ನಮ್ದೇ ಅಂತ ನೀವೇ ಬರದೀರಿ. ಕೆಡವೋ ಮುಂದ ನಿಮ್ಮ ಮಾಳಿಗೆಗೆ ಕಂಬ ಕೊಟ್ಟುಕೊಳ್ರಿ, ಒಂದೆರಡು ದಿನದ ಕೆಲಸ." ಕಂಬ ಕೊಟ್ಟು ನಾವು ಎಲ್ಲಿರಬೇಕು, ಗೋಡೆಯಿಲ್ಲದ ಅಡುಗೆಮನೆಯಲ್ಲಿ ಹೇಗೆ ಬೇಯಿಸಬೇಕು, ಅವನು ಹೇಳಲಿಲ್ಲ. ನನಗೂ ಕೇಳಲು ಬಾಯಿ ಬರಲಿಲ್ಲ.

ಕೆಡವುವ ಕೆಲಸ ಮುಂಬಾಗಿಲಿನಿಂದ ಶುರುವಾಯಿತು. ಮೊದಲು ಬೋರ್ಡು ಇಳಿಸಿದರು. ಆಮೇಲೆ ಟಿಕೆಟ್ ಕೊಡುವ ಕಿಂಡಿಯ ಕೋಣೆ ಹೋಯಿತು. ಶೀಟು ಒಂದೊಂದಾಗಿ ಇಳಿದವು. ಬೆಂಚುಗಳನ್ನು ಯಾರೋ ಕೂಡ್ಲಿಗಿಯ ಕಡೆಯವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಚಾಚಾ ದುಡಿದ ಆಪರೇಟರ್ ಕ್ಯಾಬಿನ್ನು ಒಂದು ಮಂಗಳವಾರ ಬಿತ್ತು. ನಾನು ದಿನಾ ಸಂಜೆ ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋಗಿ ತೊಲೆಗಳ ತುದಿ ನೋಡುತ್ತಿದ್ದೆ. ಮಣ್ಣು ಉದುರಿದರೆ ಬೆರಳಿಗೆ ಹಚ್ಚಿ ನೋಡುತ್ತಿದ್ದೆ. ಎಷ್ಟೋ ಸಲ ಅದು ಮಣ್ಣಲ್ಲ, ಜೋಳದ ಹಿಟ್ಟು.

"ಏನವಾ, ಮ್ಯಾಲೆ ಮುಖಾ ಮಾಡಿ ಅಡ್ಡಾಡ್ತಿ? ಹಲ್ಲಿ ಐತೇನು?" ಎಂದು ಅವ್ವ ಕೇಳಿದಳು.

"ಏನಿಲ್ಲ," ಅಂದೆ.

ಹೇಳಬೇಕೆಂದು ಬಾಯಿಯವರೆಗೆ ಬಂದದ್ದು ಎಷ್ಟು ಸಲವೋ. ಅಪ್ಪ ಹೋದ ಮೇಲೆ ಮನೆಯ ಕಾಗದಪತ್ರ, ಬ್ಯಾಂಕು, ಗ್ಯಾಸು, ಕರೆಂಟು ಎಲ್ಲ ನನ್ನ ಕೈಗೆ ಬಂದಿದ್ದವು. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಅವಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ನಾನು ಒಂದನ್ನೂ ಅವಳಿಗೆ ಹೇಳುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಈಗ ಹೇಳಹೊರಟರೆ ತಪ್ಪನ್ನೇ ಹೇಳಬೇಕು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗರನ್ನು ನಿಲ್ಲಿಸಿ ನಿಜ ಹೇಳು ಎಂದು ಜಬರಿಸುವ ನಾನು ಮನೆಯಲ್ಲಿ ಬೆಕ್ಕಿನ ಹಾಗೆ ಸುಮ್ಮನೆ ಅಡ್ಡಾಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು.

ಶನಿವಾರ ಚಾಚಾ ಎದುರಿಗೆ ಸಿಕ್ಕ. "ಟೀಚರಮ್ಮಾ, ನಾಳಿ ಜೆಸಿಬಿ ಪರದಿ ಗೋಡಿಗೆ ಬರ್ತೈತಂತ. ನಿಮ್ಮ ಅಡಿಗಿಮನಿ ಖಾಲಿ ಮಾಡೀರೇನು?" ಅಂದ. ಮಾಡಿರಲಿಲ್ಲ. ಕಂಬ ಕೊಡಲು ಮೇಸ್ತ್ರಿಗೂ ಹೇಳಿರಲಿಲ್ಲ. ಕಂಬ ತಂದರೆ ಅವ್ವ ಯಾಕೆ ಎಂದು ಕೇಳುತ್ತಾಳಲ್ಲ! ಈಗ ನೆನೆದರೆ ನನಗೇ ಸಿಟ್ಟು ಬರುತ್ತದೆ. ಮಾಳಿಗೆ ಬೀಳಲಿ, ಮಾತು ಮಾತ್ರ ಹೊರಗೆ ಬೀಳಬಾರದು ಅನ್ನುವಂತೆ ಕೂತಿದ್ದೆ.

ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಆಚೆ ಜೆಸಿಬಿ ಗುರ್ ಎಂದಿತು. ಶೆಲ್ಫಿನಲ್ಲಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವ್ವಾ, ಗ್ಯಾಸ್ ಆರಿಸು. ಹೊರಗ ಬಾ. ಈ ಗೋಡಿ ಕೆಡವ್ತಾರ."

"ಅವರ ಗೋಡಿ ಅವರು ಕೆಡವ್ತಾರ. ಇದನ್ನ ಯಾಕ ಕೆಡವ್ತಾರ?"

"ಇದೂ ಅವರದ ಅಂತ ನಾ ಬರದು ಕೊಟ್ಟೀನಿ."

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ಯಾರನ್ನ ಕೇಳಿ ಬರದಿ?"

ಅವ್ವ ಹಂಚಿನ ಮೇಲಿದ್ದ ರೊಟ್ಟಿ ತೆಗೆದಳು, ಗ್ಯಾಸ್ ಆರಿಸಿದಳು, ಕೈ ತೊಳೆದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಗೋಡಿ ನಮ್ದು. ಅದರ ಮ್ಯಾಲಿನ ಸುಣ್ಣ ಅಷ್ಟ ಅವರದು," ಅಂದಳು.

ಅಲ್ಲೇ ನಿಂತು, ನನ್ನ ವಯಸ್ಸು ಐವತ್ತೆರಡು ಆದ ಮೇಲೆ, ನಮ್ಮ ಮನೆಯ ಗೋಡೆಯ ಕತೆಯನ್ನು ನಾನು ಮೊದಲ ಸಲ ಕೇಳಿದೆ. ಅವ್ವನಿಗೆ ಅದನ್ನು ಹೇಳಿದವಳು ಅಜ್ಜಿ. ಟಾಕೀಸು ಕಟ್ಟುವ ಮೊದಲು ನಮ್ಮ ಮನೆಯ ಹಿಂದೆ ಬಯಲಿತ್ತು. ಬೇಸಿಗೆಯಲ್ಲಿ ಅಲ್ಲಿ ಡೇರೆ ಹಾಕಿ ಸಿನೆಮಾ ತೋರಿಸುತ್ತಿದ್ದರು. ಒಂದು ವರ್ಷ ಗಾಳಿಗೆ ಬಟ್ಟೆಯ ಪರದೆ ಹರಿದು ಚಿಂದಿಯಾಯಿತು. ಶೇಂಗಾ ವ್ಯಾಪಾರದ ಜೊತೆ ಆ ಡೇರೆಯನ್ನೂ ನಡೆಸುತ್ತಿದ್ದ ದೊಡ್ಡ ಸಾಹುಕಾರರು ಅಜ್ಜನ ಹತ್ತಿರ ಬಂದು, ನಿಮ್ಮ ಹಿಂದಿನ ಗೋಡೆಗೆ ಸುಣ್ಣ ಹೊಡೆದುಕೊಳ್ಳಲೇ ಎಂದು ಕೇಳಿದರು. ಅಜ್ಜ ಹೂಂ ಅಂದ. ಗಾಳಿಗೆ ಅಲುಗದ ಪರದೆ ಎಂದು ಹಳ್ಳಿಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಜನ ಬಂದರು. ಆ ಧೈರ್ಯದ ಮೇಲೆ ಸಾಹುಕಾರರು ಬಯಲು ಕೊಂಡು ಟಾಕೀಸು ಕಟ್ಟಿದರು. ಮೂರು ಗೋಡೆ ಎಬ್ಬಿಸಿದರು, ನಾಲ್ಕನೆಯದಕ್ಕೆ ನಮ್ಮದೇ ಇತ್ತು. ನಾನು ತಿಳಿದಂತೆ ನಮ್ಮ ಮನೆ ಟಾಕೀಸಿಗೆ ಒರಗಿ ನಿಂತಿರಲಿಲ್ಲ. ಟಾಕೀಸೇ ನಮ್ಮ ಮನೆಗೆ ಒರಗಿ ನಿಂತಿತ್ತು.

"ಹೊಸಾ ಸಿನೆಮಾ ಬಂದಾಗ ಪರದಿಗೆ ಕಾಯಿ ಒಡದು ಅರ್ಧ ಹೋಳು ನಮ್ಮ ಮನಿಗೆ ಕಳಸ್ತಿದ್ರಲ್ಲ, ಯಾಕಂತ ತಿಳಿದಿದ್ದಿ?"

"ಪ್ರಸಾದ ಅಂತ."

"ಪ್ರಸಾದ ಅಂತ ಚಟ್ನಿ ಮಾಡಿಸಿಗೊಂಡು ತಿಂದಿ. ಅದು ಗೋಡಿ ಕೊಟ್ಟೋರ ಮನಿ ಕಾಯಿ."

"ನನಗ ಯಾಕ ಹೇಳಲಿಲ್ಲ ನೀನು?"

"ನೀ ಯಾವತ್ತ ಕೇಳಿದ್ದಿ?" ಅಂದು ಅವ್ವ ಚಪ್ಪಲಿ ಮೆಟ್ಟಿ ಹೊರಟಳು.

ನಾನು ಹಿಂದೆ ಓಡಿದೆ. ಟಾಕೀಸಿನ ಜಾಗದಲ್ಲಿ ಆಕಾಶವಿತ್ತು. ಮೂರು ಗೋಡೆಗಳೂ ಹೋಗಿ, ಇಟ್ಟಿಗೆಯ ರಾಶಿಯ ನಡುವೆ ಜೆಸಿಬಿ ತನ್ನ ಕೈ ಎತ್ತಿಕೊಂಡು ನಿಂತಿತ್ತು. ಎದುರಿಗೆ ನಮ್ಮ ಗೋಡೆ, ಅಷ್ಟಗಲ ಬೆಳ್ಳಗೆ. ಅವ್ವ ಶೀಟಿನ ಚೂರುಗಳನ್ನು ತುಳಿಯುತ್ತ ನೆಟ್ಟಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಡ್ರೈವರ್ ಗಾಬರಿಯಾಗಿ ಎಂಜಿನ್ ಆಫ್ ಮಾಡಿ ಕೆಳಗಿಳಿದ. "ಸರೀರಿ ಅಮ್ಮಾ, ಸರೀರಿ," ಎಂದು ಕೂಗಿದ. ಅವಳು ಸರಿಯಲಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಎರಡು ಇಟ್ಟಿಗೆ ಸಡಿಲಾಗಿದ್ದವು. ಬಿದ್ದರೆ ಅವ್ವನ ನೆತ್ತಿಯ ಮೇಲೆ. ಬಾರವ್ವಾ, ಹೋದರೆ ಹೋಗಲಿ ಗೋಡೆ ಎಂದು ನಾನು ಅವಳ ಕೈ ಹಿಡಿದು ಎಳೆದೆ. ಅವಳು ಕೈ ಕೊಸರಿಕೊಂಡಳು.

ಹಳೆಯ ಜನರೇಟರಿನ ಮೋಟಾರು ಬಿಚ್ಚಿಕೊಳ್ಳಲು ಚಾಚಾ ಬಂದಿದ್ದ; ಅವನು ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದ. ಐದು ನಿಮಿಷಕ್ಕೆ ಸಣ್ಣ ಸಾಹುಕಾರ ಬೈಕಿನಲ್ಲಿ ಬಂದಿಳಿದ.

"ತಮ್ಮಾ, ಮೂರು ಗೋಡಿ ನಿಮ್ಮಪ್ಪ ಕಟ್ಟಿಸಿದ್ದು. ಮೂರೂ ಕೆಡವಿದಿ, ನಾನು ಯಾಕ ಅಂದ್ನೇನು? ಇದಕ್ಕ ಕೈ ಹಚ್ಚಬ್ಯಾಡ," ಅಂದಳು ಅವ್ವ.

"ದೊಡ್ಡಮ್ಮಾ, ನಾನು ಸುಮ್ಮನ ಕೆಡವಾಕ ಬಂದಿಲ್ಲ. ನಿಮ್ಮ ಮಗಳೇ ಬರದು ಕೊಟ್ಟಾರ, ನೋಡ್ರಿ." ಅವನು ಬ್ಯಾಗಿನಿಂದ ಹಾಳೆ ತೆಗೆದು ಹಿಡಿದ. ದೂರದಿಂದಲೇ ನನ್ನ ಅಕ್ಷರ ಕಾಣುತ್ತಿತ್ತು. ಬೋರ್ಡಿನ ಮೇಲೆ ಬರೆದ ಹಾಗೆ, ಹಿಂದಿನ ಬೆಂಚಿಗೂ ಕಾಣಬೇಕು ಅಂಥ ಅಕ್ಷರ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚಾಚಾ ನಡುವೆ ಬಂದ. "ಸಾವ್ಕಾರ್ರ, ಅರ್ಧ ಕಾಯಿ ಈ ಮನಿಗೆ ಮುಟ್ಟಿಸ್ತಿದ್ದಂವ ನಾನು. ಮುಟ್ಟಿಸಿದ ಮ್ಯಾಲೆನ ಮೊದಲ ಆಟ ಹಚ್ಚಬೇಕು ಅಂತ ನಿಮ್ಮ ತಂದಿಯವರು ಹುಕುಂ ಮಾಡಿದ್ರು. ನೀವು ದಾವಣಗೇರ್ಯಾಗ ಇದ್ರಿ, ನಿಮಗ ಗೊತ್ತಿಲ್ಲ."

"ಕೊಟ್ಟಿರಬೌದು ಚಾಚಾ, ಪ್ರೀತಿಗೆ ಕೊಟ್ಟಿರಬೌದು. ಇದು ಕಾಗದ. ಪಂಚಾಯ್ತಿಯೋರು ಕಾಯಿ ಕೇಳಲ್ಲ, ಕಾಗದ ಕೇಳ್ತಾರೆ."

ಅವನ ಮಾತು ಸರಿಯೇ ಇತ್ತು. ನನಗೆ ಅಳು ಬಂತು. ನಾಲ್ಕು ಜನರ ಎದುರಿಗೆ ಕಣ್ಣೊರೆಸಿಕೊಂಡೆ. ಡ್ರೈವರ್ ಮತ್ತೆ ಸೀಟಿನ ಮೇಲೆ ಕೂತ.

ಅವ್ವ ನನ್ನ ಕಡೆ ನೋಡಲಿಲ್ಲ. "ಕಾಗದ ಅಂದ್ಯಲ್ಲ ತಮ್ಮಾ, ಕಾಗದದ ಮಾತ ಆಡೋಣು. ಮನಿ ಯಾರ ಹೆಸರಿಗೈತಿ ನೋಡಿಯೇನು? ಇವರಪ್ಪ ಹೋಗೋ ಮುಂಚೆ ನನ್ನ ಹೆಸರಿಗೆ ಮಾಡಿಸ್ಯಾರ. ನಾ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ, ಸಹಿ ಹಾಕಿಲ್ಲ. ಇಕಿ ಸಹಿಗೆ ಇಲ್ಲಿ ಕಿಮ್ಮತ್ತಿಲ್ಲ."

ಸಣ್ಣ ಸಾಹುಕಾರ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲಿನಿಂದ ಕೆಳಗೆ ಓದಿದ. ನನ್ನ ಹೆಸರು, ನನ್ನ ಸಹಿ, ಅದರ ಕೆಳಗೆ ಯಾರೂ ಕೇಳದಿದ್ದರೂ ನಾನು ಬರೆದುಕೊಂಡಿದ್ದ ಸರ್ಕಾರಿ ಶಾಲೆಯ ಶಿಕ್ಷಕಿ ಎಂಬ ಸಾಲು. ಮನೆಯ ಕಂದಾಯ ಪ್ರತಿವರ್ಷ ಕಟ್ಟುವವಳು ನಾನು. ರಸೀದಿಯ ಮೇಲೆ ಅವ್ವನ ಹೆಸರು ಪ್ರತಿವರ್ಷ ನೋಡಿದ್ದೇನೆ. ನೋಡಿ, ಮಡಚಿ, ಡಬ್ಬಿಯಲ್ಲಿ ಹಾಕಿದ್ದೇನೆ. ಅದು ಒಮ್ಮೆಯೂ ನನ್ನ ತಲೆಗೆ ಹೋಗಿರಲಿಲ್ಲ. ಗೋಡೆ ಉಳಿಯಿತಲ್ಲ ಎಂದು ಜೀವ ಬಂದಂತಾಯಿತು. ಜೊತೆಗೇ, ಕಿಮ್ಮತ್ತಿಲ್ಲ ಎಂಬ ಮಾತು ನಾಲ್ಕು ಜನರ ನಡುವೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ಅವನು ದೂರ ಹೋಗಿ ಯಾರಿಗೋ ಫೋನ್ ಮಾಡಿದ. ಬಹಳ ಹೊತ್ತು ಮಾತಾಡಿದ. ನಾವು ಮೂವರೂ ಬಿಸಿಲಿನಲ್ಲಿ ನಿಂತೇ ಇದ್ದೆವು. ಅವ್ವ ಬೆನ್ನನ್ನು ಗೋಡೆಯಿಂದ ತೆಗೆಯಲಿಲ್ಲ. ಕೊನೆಗೆ ಅವನು ಬಂದು ಡ್ರೈವರಿಗೆ ಕೈ ಮಾಡಿ ಗಾಡಿ ಹಿಂದೆ ತೆಗೆಸಿದ.

"ಆತು ಬಿಡ್ರಿ ದೊಡ್ಡಮ್ಮಾ. ನಾವು ಎರಡು ಅಡಿ ಒಳಗ ಸರಿದು ಬೇರೆ ಗೋಡೆ ಕಟ್ಕೋತೀವಿ. ನನಗ ಗೊತ್ತಿರಲಿಲ್ಲ. ಗೊತ್ತಿದ್ದೋರು ಹೇಳಬೇಕಿತ್ತು." ಕೊನೆಯ ಮಾತನ್ನು ನನ್ನ ಕಡೆ ನೋಡಿಯೇ ಅಂದ.

ಅವ್ವ ಕೈ ಚಾಚಿದಳು. ಅವನು ಒಂದು ಗಳಿಗೆ ತಡೆದು, ಹಾಳೆಯನ್ನು ಅವಳ ಕೈಯಲ್ಲಿಟ್ಟ.

ಮನೆಗೆ ಬಂದು ಅವ್ವ ಗ್ಯಾಸ್ ಹಚ್ಚಿದಳು. ಅರ್ಧ ಬೆಂದಿದ್ದ ರೊಟ್ಟಿಯನ್ನು ಮತ್ತೆ ಹಂಚಿನ ಮೇಲೆ ಹಾಕಿದಳು. ಅದು ಬೇಯುವ ತನಕ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ತುಟಿ ಆಡಿಸುತ್ತ ಪೂರ್ತಿ ಓದಿದಳು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದೆ.

"ಅಕ್ಷರ ಚಲೋ ಅದಾವ," ಅಂದಳು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ರೊಟ್ಟಿ ತಿರುವಿ ಹಾಕಿ, ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ಮತ್ತ ಎಲ್ಲೆಲ್ಲಿ ಸಹಿ ಮಾಡೀದಿ?"

ನಾನು ನೆನಪು ಮಾಡಿಕೊಳ್ಳತೊಡಗಿದೆ.